ಸೌಂಡ್ ಬೇಡದ ಕೆಲಸ

ಆ ಬೀದಿಯ ಕ್ಯಾಮೆರಾದವರಿಗೆಲ್ಲ ಅವಳು ‘ಕನ್ವರ್ಟ್ ಅಕ್ಕ’. ಒಬ್ಬೊಬ್ಬರ ಕ್ಯಾಮೆರಾದ್ದು ಒಂದೊಂದು ಬಗೆಯ ಫೈಲು. ಎಡಿಟ್ ಮಾಡುವವನ ಕಂಪ್ಯೂಟರ್ ಅದನ್ನು ತೆರೆಯಲು ಸುತಾರಾಂ ಒಪ್ಪುವುದಿಲ್ಲ. ಆಗ ಎಲ್ಲರೂ ಮೆಟ್ಟಿಲು ಹತ್ತಿ ಅವಳ ಕೋಣೆಗೇ ಬರಬೇಕು. ಅವಳು ಫೈಲನ್ನು ಆ ಕಂಪ್ಯೂಟರಿಗೆ ಒಗ್ಗುವಂತೆ ಬದಲಿಸಿ, ಸೌಂಡ್ ತೆಗೆದು, ಕ್ಯಾಮೆರಾದ ಮೆಮೊರಿ ಕಾರ್ಡ್ ಖಾಲಿ ಮಾಡಿ ಕೊಡುತ್ತಿದ್ದಳು. ಸೌಂಡ್ ಯಾಕೆ ಬೇಕು ಹೇಳಿ! ಮದುವೆ ವಿಡಿಯೋ ಅಂದಮೇಲೆ ಹೇಗೂ ಹಾಡು ಕೂರಿಸುತ್ತಾರೆ. ಅಡುಗೆಯವರ ಕೂಗಾಟ ಕೇಳುವ ಹುಚ್ಚು ಯಾರಿಗಿದೆ?

ಅಮ್ಮ ತೀರಿಕೊಂಡ ಮೇಲೂ ಅವಳು ಕೆಲಸಕ್ಕೆ ಬಂದಳು. ಅಳು ಬರಲಿಲ್ಲ. ನೆಂಟರು ಕಲ್ಲು ಮನಸ್ಸು ಅಂದರು, ಅಂದುಕೊಳ್ಳಲಿ. ಒಳಗೆ ದುಃಖವೂ ಇಲ್ಲ, ಸಮಾಧಾನವೂ ಇಲ್ಲ. ಜೋಮು ಹಿಡಿದ ಕಾಲಿನ ಹಾಗೆ, ಇದೆ, ಆದರೆ ತನ್ನದಲ್ಲ.

ತಮ್ಮ ಫೋನ್ ಮಾಡಿದ. ಅವನೂ ಎಡಿಟಿಂಗ್ ಕೆಲಸದವನೇ, ದೂರದೂರಿನಲ್ಲಿ. ಅಮ್ಮನ ಕೊನೆಯ ಹೊತ್ತಿಗೆ ಬಂದು ಮುಟ್ಟಿರಲಿಲ್ಲ.

“ಅಕ್ಕಾ, ಆಸ್ಪತ್ರೇಲಿ ಅಮ್ಮ ಮಾತಾಡಿದ್ದನ್ನ ವಿಡಿಯೋ ತೆಗ್ದಿದ್ದೆಯಲ್ಲ, ನಿನ್ನ ಆ ಹಳೇ ಕ್ಯಾಮೆರಾದ್ದು ನನ್ನತ್ರ ಓಪನ್ ಆಗಲ್ಲ. ಕನ್ವರ್ಟ್ ಮಾಡಿಡು, ಬರ್ತೀನಿ. ಅವಳ ದನಿ ಒಂದ್ಸಲ ಕೇಳ್ಬೇಕು.”

ಅವಳು ಕಾರ್ಡ್ ಹಾಕಿದಳು. ಮನಸ್ಸು ಎಲ್ಲೂ ಇರಲಿಲ್ಲ, ಕೈ ಮಾತ್ರ ಎಂದಿನಂತೆ ತನ್ನ ಕೆಲಸ ತಾನು ಮಾಡಿ ಮುಗಿಸಿತು. ಖಾಲಿಯಾದ ಕಾರ್ಡನ್ನು ಕೆಳಗಿನ ಅಂಗಡಿಯ ಫೋಟೋಗ್ರಾಫರ್ ಎರವಲು ಪಡೆದು ಯಾವುದೋ ಮದುವೆಗೆ ಒಯ್ದು, ಭರ್ತಿ ಮಾಡಿಕೊಂಡು ಬಂದ.

ತಮ್ಮ ಬಂದವನೇ ಕುರ್ಚಿ ಎಳೆದುಕೊಂಡು ಕೂತ. ತೆರೆಯ ಮೇಲೆ ಅಮ್ಮ, ದಿಂಬಿಗೆ ಒರಗಿ, ಬೆರಳು ಆಡಿಸುತ್ತಾ ಏನೋ ಹೇಳುತ್ತಿದ್ದಾಳೆ.

“ಸೌಂಡ್ ಜಾಸ್ತಿ ಮಾಡಕ್ಕಾ.”

ಅಯ್ಯೋ ದೇವರೇ! ಅವಳಿಗೆ ಹೊಳೆದದ್ದು ಆಗ.

“ತೆಗ್ದುಬಿಟ್ಟಿದ್ದೀನಿ ಕಣೋ. ಮದುವೆ ಫೈಲ್ ಥರಾನೇ. ಕಾರ್ಡಲ್ಲೂ ಈಗ ಇಲ್ಲ.”

ತಮ್ಮ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಅಮ್ಮನ ತುಟಿಯನ್ನೇ ನೋಡುತ್ತ ಕೂತಿದ್ದವನು ಕೊನೆಗೆ ಕೇಳಿದ:

“ಹೋಗ್ಲಿ ಬಿಡು. ಎದುರಿಗೇ ಇದ್ದೆಯಲ್ಲ, ಏನ್ ಹೇಳ್ತಿದ್ದಾಳೆ? ನೀನೇ ಹೇಳು, ಸಾಕು.”

ಅವಳು ನೆನಪಿಸಿಕೊಳ್ಳಲು ನೋಡಿದಳು. ಕಿಟಕಿಯ ಬೆಳಕು ನೆನಪಾಯಿತು. ಮುಖದ ಮೇಲೆ ನೆರಳು ಬೀಳುತ್ತಿದೆಯೆಂದು ಕ್ಯಾಮೆರಾ ಸ್ಟ್ಯಾಂಡ್ ಸರಿಸಿದ್ದು ನೆನಪಾಯಿತು. ಮಾತು ಒಂದೂ ನೆನಪಾಗಲಿಲ್ಲ.

“ಗೊತ್ತಿಲ್ಲ ಕಣೋ,” ಎಂದಳು. “ಹೇಗೂ ರೆಕಾರ್ಡ್ ಆಗ್ತಿದೆಯಲ್ಲ ಅಂತ, ನಾನು ಕೇಳಿಸ್ಕೊಳ್ಳಲೇ ಇಲ್ಲ.”