ಕೆಪ್ಪಿಯ ಬಲಗಿವಿ

ಸಾವೆತಾ ಗಾಜಿನ ಮೇಲೆ ದೇವರನ್ನು ಬರೆಯುವವಳು. ಸಿಬಿಯು ಬೆಟ್ಟಸಾಲಿನ ಹಳ್ಳಿಗಳಲ್ಲಿ ಅವಳ ಕೈಯ ಚಿತ್ರವಿಲ್ಲದ ಮನೆ ಹುಡುಕಬೇಕು. ಕ್ರಿಸ್ತ ಹುಟ್ಟಿದ ಕೊಟ್ಟಿಗೆಯ ಚಿತ್ರಕ್ಕಂತೂ ಜನ ಮುಗಿಬೀಳುತ್ತಿದ್ದರು, ಅದೂ ಕೂಸಿಗಾಗಿ ಅಲ್ಲ, ಕುರಿಗಳಿಗಾಗಿ. ಒಂದೊಂದು ಕುರಿಗೂ ಉದ್ದನೆಯ ರೆಪ್ಪೆ, ಗುಂಡು ಕಣ್ಣು, ಕಣ್ಣಂಚಿನಲ್ಲಿ ಇನ್ನೇನು ಉದುರಿತು ಎನ್ನುವಂಥ ಒಂದು ಹನಿ. ಪೇಟೆಯ ಹೆಂಗಸರು ಅಯ್ಯೋ ಪಾಪ ಎನ್ನುತ್ತ ಎದೆಗವಚಿಕೊಂಡು ಒಯ್ಯುತ್ತಿದ್ದರು.

ನಕ್ಕವನು ಅಕಿಮ್ ಒಬ್ಬನೇ. ಬೆಟ್ಟದ ಮೇಲಿನ ಕುರಿಹಟ್ಟಿಯ ಯಜಮಾನ ಅವನು, ಊರಿನವರ ಕುರಿಗಳೆಲ್ಲ ಬೇಸಿಗೆ ಪೂರ್ತಿ ಅವನ ಸುಪರ್ದಿನಲ್ಲೇ. ನಕ್ಕಿದ್ದಾದರೂ ಎಲ್ಲಿ? ಭಾನುವಾರದ ಪ್ರಾರ್ಥನೆ ಮುಗಿದು ಊರಿಗೆ ಊರೇ ಚರ್ಚಿನ ಅಂಗಳದಲ್ಲಿ ನಿಂತಿದ್ದಾಗ.

"ಸಾವೆತಕ್ಕಾ, ಇವು ಕುರಿಗಳೋ, ಗಂಡನ ಮನೆಯಿಂದ ಓಡಿಸಿದ ಸೊಸೆಯರೋ?"

ಅಂಗಳವೆಲ್ಲ ಗೊಳ್ಳೆಂದಿತು. ಸಾವೆತಾಳ ಕಿವಿ ಕೆಂಪಾಯಿತು.

"ನಗು ನಗು. ನಿನ್ನ ಹಟ್ಟಿಗೇ ಬಂದು, ನಿನ್ನ ಕುರೀನೇ ಎದುರಿಗಿಟ್ಕೊಂಡು ಬರೀತೀನಿ. ಆಮೇಲೆ ಏನಂತೀಯ?"

"ಬಾ, ಬೇಡ ಅಂದೋರ್ಯಾರು? ಯಾರೂ ಹೇಳ್ಕೊಡದೆ ಹಟ್ಟಿಯೋನೊಬ್ಬ ಚಿತ್ರ ನೋಡಿ ಆ ಕುರಿ ಹೆಸರು ಹೇಳಿದ್ರೆ, ನಮ್ಮನೆ ದೊಡ್ಡ ಕೋಣೇಲಿ ತೂಗು ಹಾಕ್ತೀನಿ. ಹೇಳದೇ ಹೋದ್ರೆ?"

"ಹೇಳದೇ ಹೋದ್ರೆ ಇನ್ಮೇಲೆ ನನ್ನ ಕೊಟ್ಟಿಗೇಲಿ ಕುರೀನೇ ಇರಲ್ಲ. ಕಲ್ಲು ಬರೀತೀನಿ!"

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಆ ಕುರಿಗಳೆಂದರೆ ಅವಳಿಗೆ ಪ್ರಾಣ, ಹೊಟ್ಟೆಗೆ ರೊಟ್ಟಿಯೂ ಅವುಗಳಿಂದಲೇ. ಕುರಿಯಿಲ್ಲದ, ಬರೀ ಕಲ್ಲು ತುಂಬಿದ ಕೊಟ್ಟಿಗೆಯಲ್ಲಿ ಯಾವ ದೇವರು ತಾನೆ ಹುಟ್ಟಿಯಾನು?

ಹಟ್ಟಿಗೆ ಬಂದ ಅವಳ ಮುಂದೆ ಅಕಿಮ್ ಕಟ್ಟಿದ್ದು ತನ್ನದೇ ಕುರಿಯನ್ನು, ಮಂದೆಯ ಮುಂದೆ ಗಂಟೆ ಕಟ್ಟಿಕೊಂಡು ನಡೆಯುವ ಕೆಪ್ಪಿಯನ್ನು. ಕಿವಿ ಚೆನ್ನಾಗಿಯೇ ಕೇಳುತ್ತಿತ್ತು, ಯಾರ ಮಾತಿಗೂ ಸೊಪ್ಪು ಹಾಕುತ್ತಿರಲಿಲ್ಲ, ಅದಕ್ಕೇ ಆ ಹೆಸರು. ಸಾವೆತಾ ಅದರ ಮುಂದೆ ಮುಕ್ಕಾಲಿ ಹಾಕಿಕೊಂಡು ಕುಳಿತಳು, ಕರುಳು ಚುರ್ರೆಂದಿತು, ಬರೆದು ತೋರಿಸಿದಳು. ಅಕಿಮ್ ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿದ.

"ಇದು ನಿಮ್ಮತ್ತೆ ಸತ್ತ ದಿನ ನೀನು ಮಾಡ್ಕೊಂಡಿದ್ದ ಮುಖ. ಕುರಿ ಎಲ್ಲಿ?"

"ನೋಡು, ಎಷ್ಟು ದುಃಖದಿಂದ ನೋಡ್ತಾ ಇದೆ ಪಾಪ..."

"ದುಃಖ ಇದ್ರೆ ಅದೇ ಹೇಳ್ಕೊಳ್ಲಿ. ಅದರ ಪರವಾಗಿ ನೀನ್ಯಾಕೆ ಅಳ್ತೀಯ? ಅದು ಮೆಲುಕು ಹಾಕ್ತಾ ಇದೆ ಕಣಕ್ಕ!"

ಮತ್ತೆ ಬರೆದಳು, ಒರೆಸಿದಳು. ಮತ್ತೆ ಬರೆದಳು, ಅಕಿಮ್ ಮತ್ತೆ ಉಗಿದ. ಕೊನೆಗೊಂದು ದಿನ ಸಿಟ್ಟಿನಿಂದ ಕುಂಚ ಬಿಸಾಕಿ, ಕೆಪ್ಪಿಯ ಮುಖಕ್ಕೆ ಮುಖ ಹಚ್ಚಿ ದುರುಗುಟ್ಟಿದಳು. ಕೆಪ್ಪಿಯೂ ದುರುಗುಟ್ಟಿತು.

"ಅಡ್ಡ!" ಎಂದು ಸಾವೆತಾ ಕಿರುಚಿದಳು. "ಅಕಿಮಾ, ಇದರ ಪಾಪೆ ಅಡ್ಡ ಇದೆ! ಬಾಗಿಲಿನ ಅಗುಳಿ ಥರ! ಗುಂಡಗೆ ಇಲ್ವೇ ಇಲ್ಲ!"

"ನಾನು ಹುಟ್ಟಿದಾಗಿನಿಂದ ಅಡ್ಡಾನೇ ಇದೆ."

ಈ ವಯಸ್ಸಿನವರೆಗೂ ಕುರಿಗಳ ನಡುವೆಯೇ ಇದ್ದು ಒಂದೇ ಒಂದು ಕುರಿಯ ಕಣ್ಣನ್ನೂ ನೋಡಿರಲಿಲ್ಲವಲ್ಲ! ಸಾವೆತಾಳಿಗೆ ನಗು ಉಕ್ಕಿತು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಗಲೇ ಕೆಪ್ಪಿ ಹಾಯ್ದು ಅವಳನ್ನು ಹುಲ್ಲಿಗೆ ಕೆಡವಿ ಏಪ್ರನ್ನಿನ ದಾರ ತಿನ್ನತೊಡಗಿತು. ಬಿದ್ದಲ್ಲಿಂದಲೇ ಎಲ್ಲ ಕಂಡಿತು. ದವಡೆ ಓರೆಯಾಗಿ ಸರಿಯುವುದು, ನಾಯಿ ಕಚ್ಚಿ ಸೀಳಿದ ಮೂಗಿನ ಹೊಳ್ಳೆ, ಎದೆಯ ಉಣ್ಣೆಗೆ ಅಂಟಿದ ಮುಳ್ಳುಕಾಯಿ, ಒಡೆಯನ ಗುರುತಿಗೆ ಕಿವಿಯಲ್ಲಿ ಕೊಯ್ದ ಕಚ್ಚು. ಎದ್ದವಳೇ ಮೈ ಕೂಡ ಕೊಡವದೆ ಗಾಜು ಹಿಡಿದು ಕುಳಿತಳು. ಅಳು ಬರಲಿಲ್ಲ, ಕರುಣೆ ಬರಲಿಲ್ಲ. ಬಂದದ್ದು ಕುರಿ.

ಗಾಜಿನ ಚಿತ್ರವನ್ನು ಹಿಂಬದಿಯಿಂದ ಬರೆಯಬೇಕು. ಕಣ್ಣಿನ ಹೊಳಪು ಎಲ್ಲಕ್ಕಿಂತ ಮೊದಲು, ಹಿಂದಿನ ಆಕಾಶ ಕೊನೆಗೆ. ಆಮೇಲೆ ತಿರುಗಿಸಿ ನೋಡಬೇಕು. ಸಾವೆತಾ ತಿರುಗಿಸಿದಳು, ಆ ಅಡ್ಡ ಪಾಪೆಯೊಂದನ್ನೇ ನೋಡಿದಳು, ಅದಕ್ಕೊಂದು ಮುತ್ತು ಕೊಟ್ಟು ಕಂಬಳಿಯಲ್ಲಿ ಸುತ್ತಿದಳು.

ಹಾಲು ಅಳೆಯುವ ದಿನ ಊರೆಲ್ಲ ಹಟ್ಟಿಗೆ ಹತ್ತಿ ಬಂತು. ಅವರವರ ಕುರಿಯ ಹಾಲನ್ನು ಅವರವರೇ ಕರೆದು, ಅಳೆದು, ಬೇಸಿಗೆಯ ಚೀಸಿನಲ್ಲಿ ಯಾರಿಗೆಷ್ಟು ಪಾಲು ಎಂದು ಅಂದೇ ಗೊತ್ತುಮಾಡುವುದು. ಮೆಕ್ಕೆಜೋಳದ ಮುದ್ದೆ, ಸುಟ್ಟ ಮರಿಯ ಮಾಂಸ, ಪ್ಲಮ್ ಸಾರಾಯಿ, ಪಿಟೀಲು. ಅಳತೆ ಮುಗಿದ ಮೇಲೆ ಸಾವೆತಾ ಕಂಬಳಿ ಬಿಚ್ಚಿ ಚಿತ್ರವನ್ನು ಬೇಲಿಗೆ ಒರಗಿಸಿದಳು.

ಜನ ಸುತ್ತ ನೆರೆದರು, ಹೆಸರು ಹೇಳಿದವರಿಲ್ಲ. ಅಯ್ಯೋ ಪಾಪ ಎಂದವರೂ ಇಲ್ಲ. ಕಲ್ಲೇ ಗತಿ ಎಂದುಕೊಂಡಳು.

ಅಷ್ಟರಲ್ಲಿ ಇರಿಮೀ ಲೋಟ ಎಸೆದು ಮುಂದೆ ನುಗ್ಗಿದ. ಹಟ್ಟಿಯಲ್ಲಿ ಅಕಿಮ್‌ಗೆ ಸರಿಸಮನಾಗಿ ಕುರಿಯಿದ್ದ, ಅವನೊಡನೆ ಯಾವತ್ತೂ ಸರಿಹೋಗದ ಆಸಾಮಿ.

"ಯಾವನೋ ಅವ್ನು, ಅಕಿಮಾ, ನಿನ್ನ ಕೆಪ್ಪಿ ಕಿವಿಗೆ ನನ್ನ ಕಚ್ಚು ಹಾಕ್ದೋನು? ಊರೋರ ಮುಂದೆ ನನ್ನನ್ನ ಕಳ್ಳ ಅಂತೀಯೇನೋ?"

ಎಲ್ಲರೂ ಬಗ್ಗಿ ನೋಡಿದರು. ಅಕಿಮ್‌ನ ಗುರುತು ಎಡಗಿವಿಗೆ, ಅದೇ ಕಚ್ಚು ಬಲಗಿವಿಗೆ ಬಿದ್ದರೆ ಕುರಿ ಇರಿಮೀಯದು. ಚಿತ್ರದಲ್ಲಿ ಕಚ್ಚು ಇದ್ದದ್ದು ಬಲಗಿವಿಗೆ, ಇರಿಮೀಯೇ ಕದ್ದು ಗುರುತು ಬದಲಿಸಿದ ಹಾಗೆ.

ಸಾವೆತಾಳಿಗೆ ನೆಲ ಬಾಯ್ಬಿಟ್ಟರೆ ಸಾಕಾಗಿತ್ತು. ದೇವರನ್ನು ಬರೆಯುವಾಗ ಅಜ್ಜಿಯ ಕಾಲದ ಮಾದರಿ ಹಾಳೆಯನ್ನು ಗಾಜಿನಡಿ ಇಟ್ಟುಕೊಳ್ಳುತ್ತಿದ್ದಳು. ಅದರಲ್ಲಿ ಎಡಬಲವನ್ನು ಮೊದಲೇ ಅದಲುಬದಲು ಮಾಡಿರುತ್ತಿದ್ದರು, ಸಂತರ ಬಲಗೈ ತಾನಾಗಿ ಬಲಕ್ಕೇ ಬರುತ್ತಿತ್ತು. ಕೆಪ್ಪಿಗೆ ಹಾಳೆ ಎಲ್ಲಿತ್ತು? ಕಂಡಂತೆ ಬರೆದಿದ್ದಳು, ತಿರುಗಿಸಿದಾಗ ಕುರಿಯ ಯಜಮಾನನೇ ಬದಲಾಗಿದ್ದ.

"ಜಗಳ ನಿಲ್ಲಿಸ್ರೋ! ತಪ್ಪು ನಂದು, ಗಾಜು ತಿರುವುಮುರುವು ಆಯ್ತು!" ಎಂದು ಕೂಗುತ್ತ ಇಬ್ಬರ ನಡುವೆ ನುಗ್ಗಿದವಳು ಥಟ್ಟನೆ ನಿಂತಳು. "ತಡಿ ತಡಿ. ಇರಿಮೀ, ಈಗ ಏನಂದೆ? ಯಾರ ಕಿವಿ ಅಂದೆ?"

"ಕೆಪ್ಪೀದು. ಇನ್ಯಾರದು? ಆ ಮೂತಿ ನೋಡಿದ್ರೆ ಗೊತ್ತಾಗಲ್ವಾ!"

ಸಾವೆತಾ ಅವನ ಎರಡೂ ಕೆನ್ನೆಗೆ ಲೊಚಲೊಚನೆ ಮುತ್ತಿಟ್ಟಳು. ಅಕಿಮ್ ತಲೆ ಕೆರೆದುಕೊಂಡು, "ಸೋತೆ ಕಣಕ್ಕ," ಎಂದ. ಕಿವಿಯೊಂದು ತನ್ನದಾದ್ದರಿಂದ ಕೆಪ್ಪಿಯ ಹಾಲಿನಲ್ಲಿ ಕಿವಿಯಷ್ಟಾದರೂ ಪಾಲು ಬರಬೇಕೆಂದು ಇರಿಮೀ ಪಟ್ಟು ಹಿಡಿದ. ಕೆಪ್ಪಿ ಅಂದು ಕೊಟ್ಟ ಹಾಲೇ ಒಂದು ಬಟ್ಟಲು. ನಕ್ಕೂ ನಕ್ಕೂ ಪಿಟೀಲಿನವನ ತಾಳ ತಪ್ಪಿತು, ತಪ್ಪಿದ ತಾಳಕ್ಕೇ ಸಾವೆತಾ ಕುಣಿದಳು. ಅಕಿಮ್ ಮಾತಿನಂತೆ ಚಿತ್ರವನ್ನು ದೊಡ್ಡ ಕೋಣೆಯಲ್ಲಿ ತೂಗುಹಾಕಿದ, ಎದುರು ಗೋಡೆಗೊಂದು ಕನ್ನಡಿಯನ್ನೂ ಸಿಕ್ಕಿಸಿದ. ಬಂದವರಿಗೆ ಕನ್ನಡಿಯಲ್ಲೇ ತೋರಿಸುತ್ತಿದ್ದ, ಅಲ್ಲಿ ಕಿವಿ ಸರಿಯಾಗಿತ್ತು.

ಬಟ್ಟಲು ಹಾಲಿನ ಮುದಿ ಕುರಿಯನ್ನು ಚಳಿಗಾಲಕ್ಕೆ ಯಾರು ಸಾಕುತ್ತಾರೆ? ಶರತ್ಕಾಲದಲ್ಲಿ ಮಂದೆ ಇಳಿದಾಗ ಅಕಿಮ್ ಕೆಪ್ಪಿಯನ್ನು ಕಡಿದು ಉಪ್ಪು ಹಚ್ಚಿದ. ಸಾವೆತಾಳಿಗೂ ಒಂದು ತೊಡೆ ಕಳಿಸಿದ. ಬೇಯಿಸಲು ಇಟ್ಟಿದ್ದಳು, ಅಷ್ಟರಲ್ಲಿ ಅವನೇ ಚಿತ್ರವನ್ನು ಕಂಕುಳಲ್ಲಿ ಹಿಡಿದು ಬಾಗಿಲಲ್ಲಿ ನಿಂತ.

"ಅಕ್ಕಾ, ಒಂದು ಕೆಲಸ ಮಾಡ್ಕೊಡ್ತೀಯಾ?"

"ಕಿವಿ ಸರಿ ಮಾಡ್ಲಾ?"

"ಕಿವಿ ಹಾಳಾಗ್ಲಿ." ಟೋಪಿಯನ್ನು ಕೈಯಲ್ಲಿ ಹಿಂಡಿದ. "ಕಣ್ಣಲ್ಲಿ ಒಂದು ಹನಿ ಹಾಕು. ಚಿಕ್ಕದು, ಯಾರಿಗೂ ಕಾಣ್ಬಾರ್ದು. ಆವತ್ತು ಬೆಳಗ್ಗೆ ನನ್ನ ಕಡೆ ನೋಡಿದ್ಳು. ಅವಳಿಗೆ ಗೊತ್ತಾಗಿತ್ತು, ಅಕ್ಕ."

ಸಾವೆತಾಳಷ್ಟು ಸಲೀಸಾಗಿ ಆ ಹನಿ ಹಾಕುವವರು ಆ ಬೆಟ್ಟದಲ್ಲೇ ಇರಲಿಲ್ಲ. ಗಾಜನ್ನು ತೆಗೆದುಕೊಂಡು ಬೆಳಕಿಗೆ ಹಿಡಿದಳು. ಕೆಪ್ಪಿ ಅಡ್ಡ ಪಾಪೆಯಿಂದ ಅವಳನ್ನು ದುರುಗುಟ್ಟಿತು. ಏಪ್ರನ್ನಿನಿಂದ ಧೂಳು ಒರೆಸಿ ಹಾಗೆಯೇ ಅವನ ಕೈಗೆ ಕೊಟ್ಟಳು.

"ಮೆಲುಕು ಹಾಕ್ತಾ ಇದ್ಳು ಕಣೋ ಅವಳು. ಕೂತ್ಕೋ. ಅಳೋದಿದ್ರೆ ನೀನೇ ಅಳು, ಸಾರು ಇನ್ನೂ ಕುದೀಬೇಕು."

ಅಕಿಮ್ ಕುಳಿತು ಅತ್ತ.