ಬಾಗಿಲು ತೆರೆದಿಟ್ಟು ಕೂತ ಅಕ್ಕೋರು

ಕೋವಿಡ್ ಹಾವಳಿ ತಗ್ಗಿದ ಮರುವರ್ಷ ನಾನು ಮಾನ್ವಿಯ ಆಸ್ಪತ್ರೆಯೊಂದರಲ್ಲಿ ಆಪ್ತಸಮಾಲೋಚಕಿಯಾಗಿದ್ದೆ. ಮದ್ಯವ್ಯಸನಕ್ಕೆ ಚಿಕಿತ್ಸೆ ಪಡೆಯುತ್ತಿದ್ದವರೆಲ್ಲ ಗಂಡಸರು. ಹೆಂಗಸರು ಬಂದರೆ ಅವರ ಹೆಂಡತಿಯೋ ತಾಯಿಯೋ ಆಗಿರುತ್ತಿದ್ದರು. ಹಾಗಾಗಿ ಸುಜಾತಾ (ಈ ಹೆಸರು ನಾನಿಟ್ಟದ್ದು) ಎದುರು ಕೂತಾಗ "ನಿಮ್ಮ ಮನೆಯವರಿಗೆ ಎಷ್ಟು ವರ್ಷದಿಂದ ಅಭ್ಯಾಸ?" ಎಂದು ಕೇಳಿಬಿಟ್ಟೆ.

"ಅವ್ರು ತೀರಿಕೊಂಡಾರ್ರೀ. ಕುಡ್ಯಾಕಿ ನಾನು."

ಆಕೆ ದೇವದುರ್ಗದಲ್ಲಿ ಶಾಲಾ ಶಿಕ್ಷಕಿ, ಆ ಕಡೆಯವರ ಮಾತಿನಲ್ಲಿ ಅಕ್ಕೋರು. ಕೂಲಿಯಿಂದ ಮಕ್ಕಳನ್ನು ಓದಿಸಿದ ಬೌದ್ಧ ಕುಟುಂಬದವರು. ಓಣಿಯಲ್ಲಿ ಸರ್ಕಾರಿ ನೌಕರಿ ಸೇರಿದ ಮೊದಲ ಹೆಣ್ಣುಮಗಳು. ಗಂಡ ಅಪಘಾತದಲ್ಲಿ ಹೋದ ಮೇಲೆ ನಿದ್ದೆಗೆಂದು ಶುರುವಾದ ಕುಡಿತ ಹಗಲಿಗೂ ದಾಟಿತ್ತು. ಗುರುತು ಸಿಗಬಾರದೆಂದೇ ತಮ್ಮೂರು ಬಿಟ್ಟು ಮಾನ್ವಿಗೆ ಬಂದಿದ್ದರು.

"ನಮ್ಮ ಓಣ್ಯಾಗ ಪಂಚಶೀಲ ಹೇಳಿಕೊಡಾಕಿ ನಾನೇ ಮೇಡಂ," ಎಂದರು. "ಐದನೇದು, ಮದ್ಯ ಮುಟ್ಟಂಗಿಲ್ಲ ಅನ್ನೋದು ಬಂದಾಗ ಎಲ್ಲಾರೂ ಜೋರಾಗಿ ಹೇಳ್ತಾರ. ನನಗ ಧ್ವನೀನ ಹೊರಡಂಗಿಲ್ಲ."

ಮೊದಲ ಹಂತ ಔಷಧಿಯದು. ಕುಡಿತ ಒಮ್ಮೆಲೇ ನಿಂತಾಗ ದೇಹ ನಡುಗುತ್ತದೆ, ಬೆವರುತ್ತದೆ, ಕೆಲವರಿಗೆ ಇಲ್ಲದ್ದೆಲ್ಲ ಕಾಣುತ್ತದೆ. ಇದಕ್ಕೆ ವಿತ್‌ಡ್ರಾವಲ್ ಎನ್ನುತ್ತೇವೆ. ವೈದ್ಯರ ನಿಗಾದಲ್ಲಿ ಸುಜಾತಾ ಅದನ್ನು ದಾಟಿದರು. ಎರಡನೆಯ ಹಂತ ಪೀರ್ ಸಪೋರ್ಟ್: ಕುಡಿತ ಬಿಟ್ಟವರು, ಬಿಡಲು ಹೆಣಗುವವರು ಒಟ್ಟಿಗೆ ಕೂತು ತಮ್ಮ ಕಥೆ ಹೇಳಿಕೊಳ್ಳುವ ಸಭೆ. ಅಂಥದ್ದು ಮಾನ್ವಿಯಲ್ಲೂ ಇರಲಿಲ್ಲ, ದೇವದುರ್ಗದಲ್ಲೂ ಇರಲಿಲ್ಲ. ಹಲವರನ್ನು ವಿಚಾರಿಸಿದ ಮೇಲೆ ರಾಯಚೂರಿನಲ್ಲಿ ಒಂದು ಚರ್ಚಿನ ಹಿಂದಿನ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ಕೆಲವರು ಸೇರುತ್ತಾರೆಂದು ತಿಳಿಯಿತು.

ಮೊದಲ ದಿನ ನಾನೂ ಜೊತೆಗೆ ಹೋದೆ. ಒಳಗೆ ಬರೀ ಗಂಡಸರು. ಶಕ್ತಿನಗರದಲ್ಲಿ ವೆಲ್ಡರ್ ಆಗಿದ್ದ ತಿಪ್ಪಣ್ಣ ಎಂಬ ಹಿರಿಯರು ಎದ್ದು ಬಂದು, "ಯಾರ ಮನಿಯವ್ರರೀ?" ಎಂದರು. ಸುಜಾತಾ ಅದೇ ಉತ್ತರವನ್ನು ಮತ್ತೊಮ್ಮೆ ಕೊಡಬೇಕಾಯಿತು. ಅವರು ಒಂದು ಕುರ್ಚಿ ಎಳೆದಿಟ್ಟು, "ಬರ್ರಿ ಯವ್ವಾ, ಕೂಡ್ರಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀವು ಹೊರಗಿರ್ರಿ ಮೇಡಂ. ಇದು ನಮ್ಮಂಥಾವ್ರಿಗಷ್ಟ" ಎಂದರು.

ಬೇವಿನ ಮರದ ಕೆಳಗೆ ಕಾದೆ. ಹೊರಬಂದ ಸುಜಾತಾ ಬಸ್ ಸ್ಟ್ಯಾಂಡ್‌ವರೆಗೂ ನನ್ನ ಜೊತೆ ನಡೆದರು. ಬಸ್ ಹತ್ತುವ ಮೊದಲು ಹೇಳಿದರು: "ಛಲೋ ಮಂದಿ ಅದಾರ್ರೀ. ಒಬ್ರು ಕುಡ್ದು ಹೆಂಡ್ತೀನ್ನ ಹೊಡ್ದಿದ್ದು ಹೇಳಿ ಅತ್ರು. ಎಲ್ಲಾರೂ ಅವ್ರನ್ನ ಸಮಾಧಾನ ಮಾಡಿದ್ರು. ನಾನು ಆ ಹೆಂಡ್ತಿ ಬಗ್ಗೇನ ಯೋಚನಿ ಮಾಡಾಕತ್ತಿದ್ದೆ. ನನ್ನ ಸರದಿ ಬಂದಾಗ ಹೆಸರು ಹೇಳಿದೆ, ಮುಂದ ಬಾಯಿ ಬರ್ಲಿಲ್ಲ."

ಆದರೂ ಬಿಡದೆ ಹೋದರು. ಪ್ರತಿ ಭಾನುವಾರ ಒಬ್ಬರೇ ಬಸ್ಸಿನಲ್ಲಿ, ಓಣಿಯವರಿಗೆ ಟ್ರೇನಿಂಗ್ ಎಂದು ಹೇಳಿ. ಬೇಸಿಗೆ ರಜೆಯಲ್ಲಿ ಶಾಲೆಯೂ ಇಲ್ಲದೆ ಮನೆ ಖಾಲಿಯಾದಾಗ ಮತ್ತೆ ಕುಡಿದರು. ಇದನ್ನು ರಿಲ್ಯಾಪ್ಸ್ ಎನ್ನುತ್ತೇವೆ. ಅದು ಈ ಕಾಯಿಲೆಯ ಒಂದು ತಿರುವು, ಕೊನೆಯಲ್ಲ. ನಾನು ಹೀಗೆಂದು ಫೋನಿನಲ್ಲಿ ಬಿಡಿಸಿ ಹೇಳಿದೆ. ಆಕೆ ಎಲ್ಲ ಕೇಳಿ, "ನೀವು ಹೇಳೂದು ಖರೇನ ಮೇಡಂ. ಆದ್ರ ನಿಮಗ ಇದು ಗೊತ್ತಿಲ್ಲ" ಎಂದರು.

ದಾರಿ ತೋರಿಸಿದ್ದು ತಿಪ್ಪಣ್ಣ. ನಾಚಿಕೆಯಿಂದ ದೂರ ಉಳಿದಿದ್ದ ಆಕೆಗೆ ಅವರೇ ಫೋನ್ ಮಾಡಿ ಕರೆಸಿಕೊಂಡು ಹೇಳಿದರಂತೆ: "ನಮ್ಮ ಜೋಡಿ ಕೂತ್ರ ನಿಮಗ ಅರ್ಧಾ ಹಗುರ ಆಗ್ತದ ಯವ್ವಾ. ನಿಮ್ಮಂಥಾಕಿ ಇನ್ನೊಬ್ಬಾಕಿ ಎಲ್ಲೋ ಅದಾಳ. ಆಕಿನ್ನ ಹುಡುಕ್ರಿ."

ಆಕೆ ಬಂದು ನಮ್ಮ ಆಸ್ಪತ್ರೆಯಲ್ಲಿ ಒಂದು ಕೋಣೆ ಕೇಳಿದರು. ವೈದ್ಯರು ಒಪ್ಪಿದರು. ಹೆಂಗಸರಿಗೆಂದೇ ಶನಿವಾರ ಮಧ್ಯಾಹ್ನದ ಸಭೆ, ಅಲ್ಲಿ ಒಬ್ಬ ಅಕ್ಕೋರು ಕೂತಿರುತ್ತಾರೆ ಎಂದು ದಾದಿಯರ ಮೂಲಕ, ಆಶಾ ಕಾರ್ಯಕರ್ತೆಯರ ಮೂಲಕ ಹಳ್ಳಿಗಳಿಗೆ ಬಾಯಿಮಾತಿನಲ್ಲಿ ತಿಳಿಸಿದೆವು. ಸುಜಾತಾ ಶಾಲೆ ಮುಗಿಸಿ ಬರುತ್ತಿದ್ದರು, ಕುರ್ಚಿಗಳನ್ನು ದುಂಡಗೆ ಇಡುತ್ತಿದ್ದರು, ಬಾಗಿಲು ತೆರೆದು ಕೂರುತ್ತಿದ್ದರು. ಯಾರೂ ಬರುತ್ತಿರಲಿಲ್ಲ. ಮಳೆಗಾಲ ಕಳೆಯಿತು. ಒಮ್ಮೆ ನೋಡಲಾರದೆ ನಾನೇ ಹೋಗಿ ಎದುರಿನ ಕುರ್ಚಿಯಲ್ಲಿ ಕೂತೆ.

"ನೀವು ಕೂಡಬ್ಯಾಡ್ರೀ," ಎಂದರು, ಮೆತ್ತಗೆ. "ಯಾರರ ಬಂದು ಹಣಿಕಿ ಹಾಕಿದ್ರ, ಆಸ್ಪತ್ರಿಯವ್ರು ಅದಾರ ಅಂತ ಹಂಗ ಹೊಳ್ಳಿ ಹೋಗ್ತಾರ."

ಎದ್ದು ಬಂದೆ. ಆ ಕೋಣೆಯ ಮುಂದೆ ಹಾಯುವಾಗಲೆಲ್ಲ ಆಕೆಯ ಬೆನ್ನು ಕಾಣುತ್ತಿತ್ತು. ಅಷ್ಟರಲ್ಲಿ ನನಗೆ ರಾಯಚೂರಿಗೆ ವರ್ಗವಾಯಿತು.

ಭತ್ತದ ಕೊಯ್ಲಿನ ದಿನಗಳಲ್ಲಿ ಒಂದು ಸಂಜೆ ಫೋನ್ ಬಂತು. ಸುಜಾತಾ ನಗುತ್ತಿದ್ದರು, ಅಥವಾ ಅಳುತ್ತಿದ್ದರು.

"ಪೋತ್ನಾಳದಿಂದ ಒಬ್ಬಾಕಿ ಬಂದಿದ್ಲು ಮೇಡಂ. ಗದ್ದಿ ಕೆಲಸದಾಕಿ. ಮೈ ನೋವಿಗಂತ ಶುರು ಮಾಡಿದಾಕಿಗೆ ಈಗ ಬಿಡಾಕ ಬರವಲ್ದು. ಬಾಗಿಲದಾಗ ನಿಂತು, 'ಇಲ್ಲಿ ಅಕ್ಕೋರು ಯಾರು, ಕುಡ್ಯಾಕಿ ಯಾರು?' ಅಂದ್ಲು. 'ಎರಡೂ ನಾನೇ ಬೇ, ಒಳಗ ಬಾ' ಅಂದೆ."

"ಆಮೇಲೆ?"

"ಆಮ್ಯಾಲ ನನಗ ಬಾಯಿ ಬಂತ್ರೀ."

ಏನು ಮಾತಾಡಿಕೊಂಡರೆಂದು ನಾನು ಕೇಳಲಿಲ್ಲ. ಈಗಲೂ ಚಿಕಿತ್ಸೆ ಮುಗಿಸಿ ಹೊರಡುವವರಿಗೆ ಮಾತ್ರೆಯ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಕೇಳುವುದು, ಊರಿಗೆ ಹೋದ ಮೇಲೆ ಯಾರೆದುರು ಕೂರುತ್ತೀರಿ ಎಂದು. ಆ ಎದುರಿನ ಕುರ್ಚಿ ನನ್ನದಲ್ಲ ಎಂಬುದನ್ನು ಈ ವೃತ್ತಿ ಕಲಿಸಿತು. ಅದನ್ನು ಖಾಲಿ ಇಟ್ಟು ಕಾಯುವುದು ಎಷ್ಟು ಕಷ್ಟವೆಂಬುದನ್ನು ಸುಜಾತಾ ಕಲಿಸಿದರು.