ಮೀನಿನ ಐಸ್ ಉಂಡ ಜಾಪಾನಿ ಹಣ್ಣಿನ ಗಿಡ

ಮದುವೆಯಾಗಿ ಕುಲ್ಲೂ ಕಣಿವೆಗೆ ಬಂದ ದಿನ, ಅತ್ತೆಮನೆಯ ಅಂಗಳದ ಮರ ಕಂಡು ದಂಗಾದೆ. ಒಂದೇ ಒಂದು ಎಲೆಯಿಲ್ಲ. ಕೊಂಬೆ ತುಂಬ ಟೊಮೆಟೊದಂಥ ಕೇಸರಿ ಹಣ್ಣು. ಕರಾವಳಿಯ ನಮ್ಮ ಧಾರೇಶ್ವರದಲ್ಲಿ ಹೀಗೆ ಬೋಳಾದ ಮರ ಒಲೆಗೆ ಹೋಗುತ್ತದೆ. ಒಂದನ್ನು ಕಿತ್ತು ಕಚ್ಚಿದೆ. ಗೇರುಹಣ್ಣು ಏನೂ ಅಲ್ಲ, ಅಷ್ಟು ಒಗರು. ನಾಲಿಗೆ ದಪ್ಪಗಾಗಿ ಮಾತೇ ಹೊರಡಲಿಲ್ಲ. ಅತ್ತೆ ನಕ್ಕು, ಕಿತ್ತಿಟ್ಟು ಮೆತ್ತಗಾದ ಇನ್ನೊಂದನ್ನು ಕೊಟ್ಟರು. ಜೇನಿನಂತಿತ್ತು. ಪರ್ಸಿಮನ್ ಹಣ್ಣಿಗೆ ಇಲ್ಲಿಯವರು ‘ಜಾಪಾನಿ ಫಲ್’ ಎನ್ನುತ್ತಾರೆ.

ಗಂಡ ತೇಜು ಮದುವೆಗೆ ಮೊದಲು, ಧಾರೇಶ್ವರದಿಂದ ತುಸು ದೂರದ ಓಂ ಬೀಚಿನ ಹೋಟೆಲೊಂದಕ್ಕೆ ಅಡುಗೆ ಕೆಲಸಕ್ಕೆ ಬರುತ್ತಿದ್ದ. ಅಮ್ಮನೂ ನಾನೂ ಅಲ್ಲಿಗೆ ಮೀನು ಕೊಡುತ್ತಿದ್ದೆವು. ನನ್ನ ಹಿಂದಿಯೆಲ್ಲ ಮೀನು ಮಾರಿ ಕಲಿತದ್ದು. ಇಲ್ಲಿ ಆಕಳು, ಹಿಮ, ನೆಂಟರ ಬಗ್ಗೆ ಮಾತಾಡಲು ಶಬ್ದಗಳೇ ಇರಲಿಲ್ಲ. ರಾಜ್ಮಾ ಅನ್ನದ ಮುಂದೆ ಕೂತು, ಬಂಗಡೆ ಸಾರು ನೆನೆದು ಸುಮ್ಮನೆ ಅತ್ತದ್ದುಂಟು.

ಮೊದಲ ಸಲ ತವರಿಗೆ ಹೊರಟಾಗ ಅಮ್ಮನಿಗೆಂದು ಒಂದು ಪರ್ಸಿಮನ್ ಸಸಿ ಒಯ್ದೆ. ಹೈಬ್ರಿಡ್, ಸೆಕೆಯನ್ನೂ ತಡೆದೀತು ಎಂದಿದ್ದ ನರ್ಸರಿಯವನು.

“ಇದೆಂತ ಮಗಾ, ಒಣ ಕೋಲು ತಂದ್ಯಲ್ಲೇ?”

“ಎರಡು ಜಾತಿ ಕೂಡ್ಸಿ ಮಾಡಿದ ಗಿಡ ಅಮ್ಮಾ. ನೆಟ್ಟು ನೋಡು.”

“ಆತು,” ಎಂದು ಬಾವಿಕಟ್ಟೆಯ ಪಕ್ಕ ನೆಟ್ಟಳು.

ಗಿಡ ಚಿಗುರಿತು, ಆಳೆತ್ತರ ಬೆಳೆಯಿತು. ವರ್ಷಗಳು ಕಳೆದರೂ ಹೂವಿಲ್ಲ. ಚಳಿಯಲ್ಲಿ ಎಲೆ ಉದುರಿಸಿ ಮಲಗದಿದ್ದರೆ ಮರ ಹೂ ಬಿಡದು ಎಂದ ತೇಜು. ಅದನ್ನೇ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ದಿನಕ್ಕೆ ಅವಳದೇ ಫೋನು.

“ಎಲೆ ಎಲ್ಲಾ ನಾನೇ ಕಿತ್ತೆ. ಮೀನಿನ ಪೆಟ್ಟಿಗೆಗೆ ತಂದ ಐಸಲ್ಲಿ ಉಳ್ದದ್ದು ದಿನಾ ಬುಡಕ್ಕೆ ಹಾಕ್ತೆ.”

“ಗಿಡ ಸಾಯ್ತದೆ ಅಮ್ಮಾ!”

“ಸತ್ರೆ ಸಾಯ್ಲಿ. ನಿದ್ದೆ ಇಲ್ದೇ ನಿಂತದ್ದು ನೋಡೂಕೆ ಆಗೂದಿಲ್ಲ.”

ಆ ಬೇಸಿಗೆಯಲ್ಲಿ ಗಿಡ ಹೂ ಬಿಟ್ಟಿತು! ಬಹಳಷ್ಟು ಉದುರಿದವು, ನಾಲ್ಕಾರು ಕಾಯಿ ನಿಂತವು. ಬಾವಲಿ ಮುಟ್ಟದಂತೆ ಅಮ್ಮ ಹರಿದ ಬಲೆ ಹೊದಿಸಿದಳು. ಐಸಿನಿಂದಲೋ, ಎಲೆ ಕಿತ್ತದ್ದರಿಂದಲೋ, ಜಾತಿಗುಣವೋ? ತೇಜು ನರ್ಸರಿಯವನನ್ನು ಕೇಳಿದ. ಅವನೂ ತಲೆ ಕೆರೆದುಕೊಂಡನಂತೆ. ನನಗಂತೂ ಇವತ್ತಿಗೂ ತಿಳಿದಿಲ್ಲ.

ಹಣ್ಣಾಗುವ ಹೊತ್ತಿಗೆ ಊರಿಗೆ ಹೋದೆ. ಮೀನು ಕೊಯ್ಯುವ ಮೆಟ್ಟುಗತ್ತಿಯನ್ನು ಚೆನ್ನಾಗಿ ತೊಳೆದು, ಅಮ್ಮ ಹಣ್ಣು ಹೋಳು ಮಾಡಿದಳು. ಕಣ್ಣು ಮುಚ್ಚಿ ಬಹಳ ಹೊತ್ತು ಚಪ್ಪರಿಸಿದಳು.

“ನಿಮ್ಮೂರ ಹಣ್ಣು ಚೊಲೋ ಅದೆ ಮಗಾ.”

ಅವಳ ಬಾಯಲ್ಲಿ ಆ ‘ನಿಮ್ಮೂರು’ ಮೊದಲ ಸಲ ಕೇಳಿದ್ದು. ಅವಳು ನೆಟ್ಟು, ಅವಳೇ ಮಲಗಿಸಿ ಎಬ್ಬಿಸಿದ ಗಿಡ. ಹಣ್ಣು ಮಾತ್ರ ಹೇಗೆ ಕುಲ್ಲೂವಿನದಾಯಿತು? ಅಲ್ಲಿ ಅತ್ತೆ ‘ನಿಮ್ಮೂರು’ ಎನ್ನುವುದು ಧಾರೇಶ್ವರವನ್ನು. ತಿದ್ದಲು ಬಾಯಿ ತೆರೆದೆ. ಅಮ್ಮನನ್ನೋ ಅತ್ತೆಯನ್ನೋ, ಯಾರನ್ನು ತಿದ್ದಬೇಕೆಂದು ತೋಚಲಿಲ್ಲ.

“ಇನ್ನೊಂದು ಹೋಳು ಬೇಕನೇ?” ಎಂದಳು ಅಮ್ಮ.

ಕೈ ಒಡ್ಡಿದೆ.